ಮ್ಯಾನೇಜರ್ ಬೇಡವೆಂದ ಪ್ರಶ್ನೆ

ಪಾರ್ಶ್ವವಾಯು ಹೊಡೆದವರಿಗೆ ವ್ಯಾಯಾಮ ಮಾಡಿಸುವ ಕೇಂದ್ರವೊಂದರ ಮೌಲ್ಯಮಾಪನ, ಇಂಥ ಕೇಂದ್ರಗಳನ್ನು ಪರಿಶೀಲಿಸಿ ವರದಿ ಬರೆಯುವ ಅವಳ ಪಾಲಿಗೆ ಬಂತು. ಅವಳು ಹಿಂದೆ ಬರೆದ ವರದಿಗಳೆಲ್ಲ ಬೀರು ಸೇರಿ ಧೂಳು ತಿಂದಿದ್ದವು. ಈ ಸಲ ಹಾಗಾಗಬಾರದೆಂದು ಮೊದಲೇ ಕೇಂದ್ರದ ಮ್ಯಾನೇಜರ್ ಎದುರು ಕೂತು ಕೇಳಿದಳು: "ಏನು ಗೊತ್ತಾದರೆ ನಿಮ್ಮ ಕೆಲಸಕ್ಕೆ ಬರುತ್ತೆ?"

"ಜನ ಸ್ವಲ್ಪ ದಿನ ಬಂದು ಆಮೇಲೆ ಯಾಕೆ ನಾಪತ್ತೆ ಆಗ್ತಾರೆ? ಅಷ್ಟು ಹೇಳಿ ಸಾಕು."

"ಬಂದವರಿಗೆ ಗುಣ ಆಗ್ತಿದೆಯಾ ಅಂತಲೂ ನೋಡೋಣವಾ?"

"ಆ ಉತ್ತರ ಇಟ್ಕೊಂಡು ನಾನೇನು ಮಾಡ್ಲಿ ಮೇಡಂ?"

ಅವಳು ಆ ಪ್ರಶ್ನೆ ಕೈಬಿಟ್ಟಳು.

ಮನೆಮನೆಗೆ ಹೋಗಿ ವಿಚಾರಿಸಿದಾಗ ಕಾರಣ ಸಿಕ್ಕಿತು. ಸಿಟಿ ಬಸ್ಸಿನ ಮೆಟ್ಟಿಲು ಹತ್ತಲು ಅವರಿಂದ ಆಗುತ್ತಿರಲಿಲ್ಲ. ವರದಿ ಮುಗಿಯುವ ಮೊದಲೇ ಮ್ಯಾನೇಜರ್ ವ್ಯಾನ್ ಗೊತ್ತುಮಾಡಿದ. ಹಾಲ್ ತುಂಬಿತು. ಖುಷಿಗೆ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ವ್ಯಾನಿನಲ್ಲಿ ಬರುತ್ತಿದ್ದವರಲ್ಲಿ ಅವಳ ಸ್ವಂತ ಅಕ್ಕನೂ ಒಬ್ಬಳು. ಒಂದು ಸಂಜೆ ನೋಡಲು ಹೋದಾಗ ಅಕ್ಕನ ಬಲಗೈ ಬೇರೆ ಯಾರದೋ ವಸ್ತುವಿನಂತೆ ತೊಡೆಯ ಮೇಲಿತ್ತು.

"ವ್ಯಾನ್ ಬಾಗಿಲಿಗೇ ಬರುತ್ತೆ, ಪುಣ್ಯ. ಕಾಲೂ ಪರವಾಗಿಲ್ಲ. ಕೈ ಮಾತ್ರ ಇದ್ದ ಹಾಗೇ ಇದೆ ಕಣೇ. ತಲೆ ಬಾಚೋಕೂ ನಿಮ್ಮ ಭಾವನೇ ಬೇಕು. ಅದನ್ನ ಯಾಕೆ ಯಾರೂ ಕೇಳಲಿಲ್ಲ?"

 ಮಾರನೆಯ ದಿನ ಅವಳು ನೇರ ಮ್ಯಾನೇಜರ್ ಬಳಿ ಹೋಗಿ ಅಕ್ಕನ ಕೈ ವಿಷಯ ಹೇಳಿ, ಬಂದವರಿಗೆ ಗುಣವಾಗುತ್ತಿದೆಯೇ ಎಂದು ನೋಡಲೇಬೇಕು ಎಂದಳು.

"ಗುಣ ಆಗ್ತಿಲ್ಲ ಅಂತ ಬರೆದ್ರೆ ಮೇಲಿನವರು ಮುಚ್ಚಿ ಅಂತಾರೆ," ಎಂದ ಅವನು. "ವ್ಯಾನೂ ಹೋಗುತ್ತೆ. ಆಗ ನಿಮ್ಮಕ್ಕ ಎಲ್ಲಿಗೆ ಹೋಗ್ತಾರೆ?"

ಮಾತಿನಲ್ಲಿ ನ್ಯಾಯವಿತ್ತು. ಅದೇ ಅವಳನ್ನು ಇನ್ನಷ್ಟು ಚುಚ್ಚಿತು.

"ಮುಚ್ಚೋಕಲ್ಲ ಸಾರ್, ತಿದ್ದೋಕೆ. ವರದಿ ನಿಮಗೊಬ್ಬರಿಗೇ ಉಪಯೋಗ ಆದ್ರೆ ಸಾಕಾ? ವ್ಯಾನಿನಲ್ಲಿ ಬರೋರಿಗೆ ಬೇಡ್ವಾ?"

ಮ್ಯಾನೇಜರ್ ಕೊನೆಗೆ ಒಪ್ಪಿದ. "ಸರಿ, ನೋಡಿ. ಆದ್ರೆ ಮೊದಲು ನನಗೆ ತೋರಿಸ್ಬೇಕು."

ಕೇಂದ್ರದಲ್ಲಿ ವ್ಯಾಯಾಮ ಮಾಡಿಸುವವಳೂ ಅವಳೂ ಸೇರಿ ಎಲ್ಲರನ್ನೂ ಪರೀಕ್ಷಿಸಿದರು. ಕಾಲಿಗೆ ಬಲ ಬಂದಿತ್ತು, ಕೈಗೆ ಬಂದಿರಲಿಲ್ಲ. ಮ್ಯಾನೇಜರ್ ಓದಿ, ಕಾಲಿನ ವ್ಯಾಯಾಮದ ಅರ್ಧ ಹೊತ್ತು ಕೈಗೆ ಕೊಡಿಸಿದ.

ವೇಳೆ ಬದಲಾದ ಮೊದಲ ದಿನ ಅಕ್ಕ ಒಳಗೆ ಕೈ ವ್ಯಾಯಾಮಕ್ಕೆಂದು ಕೊಟ್ಟ ಜೇಡಿಮಣ್ಣಿನ ಉಂಡೆಗೆ ಬೆರಳೊತ್ತಲು ಹೆಣಗುತ್ತಿದ್ದಳು. ಆಗಷ್ಟೇ ಕೋಲೂರಿ ನಡೆಯಲು ಕಲಿತಿದ್ದ ಮುದುಕನೊಬ್ಬ ಬಾಗಿಲಲ್ಲೇ ತಂಗಿಗೆ ಅಡ್ಡ ನಿಂತ.

"ನಾನು ನಡೆಯೋಕೆ ಬಂದವನು. ನನ್ನ ಹೊತ್ತು ಕಿತ್ತು ಯಾರಿಗೆ ಕೊಟ್ಟೆ?"

ಅವಳು ಕುರ್ಚಿ ಎಳೆದು ಕೊಟ್ಟಳು. "ಕೂತ್ಕೊಳ್ಳಿ ತಾತ. ನಿಮಗೇನು ಬೇಕು, ಹೇಳಿ."

"ಎಲ್ಲಾ ಮುಗಿಸಿ ಈಗ ಕೇಳ್ತೀಯಾ?" ಎಂದ ತಾತ. ಗೊಣಗುತ್ತಲೇ ಕೂತು, ಹೇಳತೊಡಗಿದ.