ಉಜ್ಜನಪ್ಪನ ಪಾಲಿನ ಕೇಪು

"ನಿಮ್ಮ ಪಾಲು ಆವಾಗ್ಲೇ ಹೋಯ್ತಲ್ಲ ಉಜ್ಜನಪ್ಪೋರೆ," ಎಂದರು ಗಂಗಾಧರಪ್ಪ, ಹಣೆಯ ಮೇಲಿದ್ದ ಕನ್ನಡಕವನ್ನು ಮೇಜಿನ ಮೇಲೆಲ್ಲ ಹುಡುಕುತ್ತ. "ಹೋದ ತಿಂಗಳೇ ಭದ್ರಾವತಿ ತ್ರಿವಿಕ್ರಮ ಬಂದು ಎರಡು ಡಬ್ಬಿ ಕೇಪೂ ತಗೊಂಡು ಹೋದ್ರು. ಒಂದು ಅವರದ್ದು, ಒಂದು ನಿಮ್ದು. ಉಜ್ಜನಪ್ಪನೇ ಕಳಿಸಿದ್ದು ಅಂದ್ರು."

ಹೊರಗೆ ಗಾಂಧಿ ಬಜಾರಿನಲ್ಲಿ ಕೈಗಾಡಿಯವನೊಬ್ಬ ದಾರಿ ಬಿಡಿ ದಾರಿ ಬಿಡಿ ಎಂದು ಕೂಗುತ್ತಿದ್ದ. ಉಜ್ಜನಪ್ಪ ಆ ಕಡೆ ತಿರುಗಿ, "ಹೌದಲ್ಲ, ಮರ್ತೇ ಬಿಟ್ಟಿದ್ದೆ," ಎಂದ. ಗೆಳೆಯನ ಮಾನ ಉಳಿಸಲು ಹೇಳಿದನೋ, ತನ್ನದನ್ನು ಉಳಿಸಿಕೊಳ್ಳಲು ಹೇಳಿದನೋ, ಅವನಿಗೇ ಗೊತ್ತಾಗಲಿಲ್ಲ. ಗಂಗಾಧರಪ್ಪ ಅವನ ಮುಖ ನೋಡಿದರು. ಐವತ್ತು ವರ್ಷ ಕೋವಿ ಅಂಗಡಿ ಇಟ್ಟವರಿಗೆ ಸುಳ್ಳು ತಿಳಿಯದೇ ಹೋಗುತ್ತದೆಯೇ? ಆದರೆ ವ್ಯಾಪಾರಸ್ಥರು, ಕೆದಕಲಿಲ್ಲ.

"ಬೇರೆ ಯಾವುದಾದ್ರೂ ಒಂದೇ ಒಂದು ಕೇಪು..." ಎಂದ ಉಜ್ಜನಪ್ಪ.

"ಇದ್ದಿದ್ರೆ ನಿಮಗಿಲ್ಲ ಅಂತೀನಾ? ಮೇಲಿಂದ ಮಾಲೇ ಬರ್ತಿಲ್ಲ ಮಾರಾಯ್ರೆ. ಬಂದ ಎಂಟು ಹತ್ತು ಡಬ್ಬಿನ ಹಳೇ ಗಿರಾಕಿಗಳಿಗೆ ಅಂತ ಹಂಚಿಟ್ಟೆ. ಹೊರಗಡೆ ರೇಟು ಕೇಳಿದ್ರೆ ತಲೆ ತಿರುಗುತ್ತೆ. ಮೊದಲು ಒಂದು ಡಬ್ಬಿಗೆ ಕೊಡ್ತಿದ್ದ ದುಡ್ಡಿಗೆ ಈಗ ಹತ್ತು ಕೇಪು ಕೊಟ್ರೆ ಪುಣ್ಯ."

ಕೇಪು ಎಂದರೆ ಶರ್ಟಿನ ಗುಂಡಿಗಿಂತ ಚಿಕ್ಕದಾದ ತಾಮ್ರದ ಟೋಪಿ. ಉಜ್ಜನಪ್ಪನದು ಅಪ್ಪನ ಕಾಲದ ಕೋವಿ. ನಳಿಗೆಯ ಬಾಯಿಂದ ಮದ್ದು ಹೊಯ್ದು, ತೆಂಗಿನ ನಾರು ತುರುಕಿ, ಚರೆ ಹಾಕಿ, ಉದ್ದನೆಯ ಗಜದಿಂದ ಜಡಿದು, ಕೊನೆಗೆ ಹಿಂದುಗಡೆಯ ಸಣ್ಣ ತೂತಿನ ಮೇಲೆ ಈ ಟೋಪಿ ಕೂರಿಸಬೇಕು. ಕೋವಿಯ ಕುದುರೆ, ಅಂದರೆ ಪುಟ್ಟ ಸುತ್ತಿಗೆ, ಅದರ ತಲೆಗೆ ಬಡಿದರೆ ಒಳಗೆ ತುಂಬಿದ ಈಡು ಹಾರುತ್ತದೆ. ಕೇಪಿಲ್ಲದಿದ್ದರೆ ಕೋವಿಗೂ ಒನಕೆಗೂ ಹೆಚ್ಚು ವ್ಯತ್ಯಾಸವಿಲ್ಲ. ಬೆಳೆ ಕಾಯಲೆಂದು ಸರ್ಕಾರ ಕೊಟ್ಟ ಲೈಸೆನ್ಸು. ಬೆಳೆಯಿದ್ದ ಜಮೀನನ್ನು ಅಣ್ಣತಮ್ಮಂದಿರು ಸೇರಿ ಎಂದೋ ಮಾರಿದ್ದರು. ಲೈಸೆನ್ಸು ಮಾತ್ರ ಉಳಿದಿತ್ತು, ಅದರ ಜೊತೆ ಭಾನುವಾರಗಳೂ.

ಆ ಭಾನುವಾರಗಳು ಹುಟ್ಟಿದ್ದು ತ್ರಿವಿಕ್ರಮನಿಂದ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದ ಅವನು ಮಾವನಿಂದ ಇಂಥದೇ ಒಂದು ಕೋವಿ ಪಡೆದು, ಅದನ್ನು ಹಿಡಿಯುವುದು ಹೇಗೆಂದು ಕಲಿಯಲು ಉಜ್ಜನಪ್ಪನ ಹಗ್ಗ ಗೋಣಿಯ ಅಂಗಡಿಗೆ ಬಂದಿದ್ದ. ಅಲ್ಲಿಂದ ಮುಂದೆ ಮೂವತ್ತು ವರ್ಷ, ಭದ್ರಾ ನದಿಯಾಚೆಯ ಪಾಳುಬಿದ್ದ ಕಲ್ಲುಕ್ವಾರಿಯಲ್ಲಿ ಇಬ್ಬರೂ ಹಗ್ಗಕ್ಕೆ ತೆಂಗಿನ ಚಿಪ್ಪು ಕಟ್ಟಿ ಹೊಡೆದರು. ಒಂದು ಪ್ರಾಣಿಯನ್ನೂ ಕೊಂದವರಲ್ಲ. ಗುರಿ ತಪ್ಪಿದವನು ಮಿರ್ಚಿ ಕೊಡಿಸಬೇಕು, ಅಷ್ಟೇ ಪಂದ್ಯ. ಗಂಗಾಧರಪ್ಪನ ಅಂಗಡಿಗೆ ಯಾರು ಮೊದಲು ಹೋದರೂ ಇಬ್ಬರ ಪಾಲನ್ನೂ ತರುವುದು ರೂಢಿ. ಒಬ್ಬನ ಲೈಸೆನ್ಸು ಪುಸ್ತಕ ಎಷ್ಟೋ ಸಲ ಇನ್ನೊಬ್ಬನ ಕಪಾಟಿನಲ್ಲೇ ಇರುತ್ತಿತ್ತು.

ಎರಡು ತಿಂಗಳ ಹಿಂದಿನ ಭಾನುವಾರ ಉಜ್ಜನಪ್ಪ ಕೊನೆಯ ಈಡು ತುಂಬಿ ಕುದುರೆ ಎಳೆದಾಗ ಕೇಪು ಠುಸ್ಸೆಂದಿತು. ಅದೇ ಕೊನೆಯ ಕೇಪು, ತೇವ ಹಿಡಿದಿತ್ತು. ಮೊದಲಾಗಿದ್ದರೆ ಇನ್ನೊಂದು ಕೂರಿಸಿ ಆಕಾಶಕ್ಕೆ ಹೊಡೆದು, ನಳಿಗೆ ಖಾಲಿ ಮಾಡಿಕೊಂಡೇ ಮನೆಗೆ ಬರುತ್ತಿದ್ದರು. ಅಂದು ಈಡು ಒಳಗೇ ಉಳಿಯಿತು. "ಕೇಪು ಸಿಕ್ಕಾಗ ಹಾರ್ಸಿದ್ರಾಯ್ತು, ಮದ್ದಾದ್ರೂ ಉಳೀತು," ಎಂದು ತ್ರಿವಿಕ್ರಮನೇ ಹೇಳಿದ್ದ. ಅಷ್ಟರಲ್ಲಿ ಚುನಾವಣೆ ಬಂತು. ಲೈಸೆನ್ಸಿನ ಕೋವಿಗಳೆಲ್ಲ ಪೊಲೀಸ್ ಠಾಣೆಗೆ ಹೋಗಬೇಕು, ನಾಳೆ ಸಂಜೆಯೇ ಗಡುವು. ಈಡಿರುವ ಕೋವಿ ಒಪ್ಪಿಸಿದರೆ ಕೇಸು, ಒಪ್ಪಿಸದಿದ್ದರೂ ಕೇಸು. ಎರಡರಲ್ಲೂ ಲೈಸೆನ್ಸು ರದ್ದು, ಅಪ್ಪನ ಕೋವಿ ಸರ್ಕಾರದ ಪಾಲು.

ಹೋದ ಭಾನುವಾರ ಉಜ್ಜನಪ್ಪ ಫೋನು ಮಾಡಿದಾಗ ತ್ರಿವಿಕ್ರಮ, "ಕೇಪಾ? ಅದರ ಮುಖ ನೋಡಿ ಎರಡು ತಿಂಗಳಾಯ್ತು ಮಾರಾಯ," ಎಂದಿದ್ದ.

ಗಂಗಾಧರಪ್ಪನ ಅಂಗಡಿಯಿಂದ ನೇರವಾಗಿ ಭದ್ರಾವತಿಯ ಬಸ್ಸು ಹತ್ತಿದ ಉಜ್ಜನಪ್ಪ ಗೆಳೆಯನ ಪರವಾಗಿ ತಾನೇ ವಕಾಲತ್ತು ವಹಿಸಿಕೊಂಡ. ಮರೆತಿರಬಹುದು. ಡಬ್ಬಿ ಎಲ್ಲೋ ಕಳೆದುಹೋಗಿ, ಹೇಳಲು ನಾಚಿಕೆಯಾಗಿರಬಹುದು. ದಸರೆಗೆ ಒಟ್ಟಿಗೆ ತೆಗೆದು ತನ್ನನ್ನು ಬೆರಗುಗೊಳಿಸಬೇಕೆಂದು ಮುಚ್ಚಿಟ್ಟಿರಬಹುದು, ಅವನು ಹಾಗೆ ಮಾಡುವವನೇ. ಬಸ್ಸು ಭದ್ರಾವತಿ ಮುಟ್ಟುವ ಹೊತ್ತಿಗೆ ಉಜ್ಜನಪ್ಪ ತ್ರಿವಿಕ್ರಮನನ್ನು ಹೆಚ್ಚುಕಡಿಮೆ ಖುಲಾಸೆ ಮಾಡಿದ್ದ. ಇನ್ನು ಅವನು ತನ್ನ ಬಾಯಿಂದ ಒಂದು ಮಾತು ಹೇಳಿಬಿಟ್ಟರೆ ಸಾಕಿತ್ತು.

ಜನ್ನಾಪುರದ ಬಾಡಿಗೆ ಮನೆಯ ಜಗುಲಿಯಲ್ಲಿ ತ್ರಿವಿಕ್ರಮ ಪೇಪರು ಓದುತ್ತ ಕುಳಿತಿದ್ದ. ಸ್ವಯಂನಿವೃತ್ತಿ ತೆಗೆದುಕೊಂಡ ಮೇಲೆ ಕ್ವಾರ್ಟರ್ಸು ಬಿಟ್ಟು ಇಲ್ಲಿಗೆ ಬಂದಿದ್ದರು. ಉಜ್ಜನಪ್ಪನನ್ನು ಕಂಡದ್ದೇ ಎದ್ದು, "ಏನ್ ಮಾರಾಯ, ಹೇಳ್ದೆ ಕೇಳ್ದೆ!" ಎಂದು ಹೆಗಲ ಮೇಲೆ ಕೈಹಾಕಿ ಒಳಗೆ ಕರೆದೊಯ್ದ. ಅವನ ಹೆಂಡತಿ ಶಾಮಲಾ ಅವಲಕ್ಕಿ, ಕಾಫಿ ತಂದಿಟ್ಟಳು.

"ನಾಳೆ ಗಡುವು," ಎಂದ ಉಜ್ಜನಪ್ಪ. "ಈಡು ಹಾಗೇ ಕೂತಿದೆ. ಒಂದು ಕೇಪು ಬೇಕಿತ್ತು."

"ಫೋನಲ್ಲೇ ಹೇಳಿದ್ನಲ್ಲ. ಇದ್ದಿದ್ರೆ ನಾನೇ ತಂದು ಕೊಡ್ತಿರ್ಲಿಲ್ವಾ?"

"ಮನೇಲಿ ಎಲ್ಲಾದ್ರೂ ಒಂದು ಬಿದ್ದಿದ್ಯೇನೋ, ಸುಮ್ನೆ ನೋಡು."

"ಎಲ್ಲಾ ಜಾಲಾಡಿದೀನಿ. ಒಂದೂ ಇಲ್ಲ."

ಉಜ್ಜನಪ್ಪ ಅವಲಕ್ಕಿಯನ್ನು ಚಮಚದಿಂದ ಆಚೀಚೆ ಸರಿಸಿದ. ಇನ್ನೊಂದು ಅವಕಾಶ ಕೊಡೋಣ ಎಂದುಕೊಂಡ. "ಗಂಗಾಧರಪ್ಪೋರು ಪ್ರತಿಸಲ ನಮ್ಮಿಬ್ಬರ ಪಾಲು ಅಂತ ತೆಗೆದಿಡ್ತಾರಲ್ಲ. ಈ ಸಲ ಇಟ್ಟಿರ್ಲಿಲ್ವಾ?"

ತ್ರಿವಿಕ್ರಮ ಕಾಫಿ ಲೋಟ ಕೆಳಗಿಟ್ಟ. "ಆ ಮುದುಕನ ಸುದ್ದಿ ಎತ್ಬೇಡ. ನಾನು ವಿಚಾರಿಸಿದೆ. ನಮ್ಮ ಪಾಲನ್ನ ಬ್ಲಾಕಲ್ಲಿ ಮಾರ್ಕೊಂಡು ಕೂತಿದಾನೆ. ವಯಸ್ಸಾದ ಮೇಲೆ ಹೀಗೆ ಮಾಡಬಾರದಿತ್ತು."

ಸುಳ್ಳು ಹೇಳಿದ್ದನ್ನಾದರೂ ಸಹಿಸಬಹುದಿತ್ತು. ಕಣ್ಣು ಮಂಜಾದ ಆ ಮುದುಕನ ತಲೆಗೆ ಕಟ್ಟಿದ್ದು, ಅದೂ ಅಷ್ಟು ಸಲೀಸಾಗಿ, ಮರುಕದಲ್ಲಿ ಹೇಳುವಂತೆ ಹೇಳಿದ್ದು ಉಜ್ಜನಪ್ಪನಿಗೆ ಸಹಿಸಲಾಗಲಿಲ್ಲ. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಒಳಗೆ ಫೋನು ರಿಂಗಾಯಿತು. ಶಾಮಲಾ ಎತ್ತಿಕೊಂಡು ಮಾತಾಡಿ, ಕೈಯಿಂದ ಫೋನಿನ ಬಾಯಿ ಮುಚ್ಚಿ ಅಲ್ಲಿಂದಲೇ ಕೇಳಿದಳು:

"ರೀ, ಕೊಪ್ಪದವರು. ಎರಡನೇ ಡಬ್ಬಿ ಕೇಪೂ ತಮಗೇ ಇಡಬೇಕಂತೆ. ನೀವು ಹೇಳಿದ ರೇಟಿಗೆ ಒಪ್ಪಿದಾರೆ. ಏನು ಹೇಳ್ಲಿ?"

ಶಾಮಲಾ ಇಬ್ಬರ ಮುಖವನ್ನೂ ನೋಡಿದಳು. "ಆಮೇಲೆ ಅವರೇ ಫೋನು ಮಾಡ್ತಾರಂತೆ," ಎಂದು ಫೋನಿಗೆ ಹೇಳಿ ಇಟ್ಟು ಅಡುಗೆಮನೆಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ.

ತ್ರಿವಿಕ್ರಮನ ಮುಖ ಹುಳ್ಳಗಾಯಿತು. ಆದರೆ ಅದು ಸ್ವಲ್ಪ ಹೊತ್ತು ಮಾತ್ರ. ಸಿಕ್ಕಿಬಿದ್ದವನಿಗೆ ಬರುವ ಸಿಟ್ಟು ಅವನಿಗೂ ಬಂತು. "ಏನ್ ಹಾಗೆ ನೋಡ್ತೀಯ? ಕಾರ್ಖಾನೆ ಕೊಟ್ಟ ದುಡ್ಡು ಎಷ್ಟು ದಿನ ಬರುತ್ತೆ? ಮನೆ ನಡೀಬೇಕೋ ಬೇಡ್ವೋ? ನಿಂಗೇನು, ಬಜಾರಲ್ಲಿ ಅಂಗಡಿ ಇದೆ. ಈ ಕೇಪು, ಕೋವಿ, ಎಲ್ಲಾ ನಿಂಗೆ ಒಂದು ಶೋಕಿ."

"ನಿಂಗೆ?" ಎಂದ ಉಜ್ಜನಪ್ಪ.

ತ್ರಿವಿಕ್ರಮ ಕಾಫಿ ಲೋಟವನ್ನು ಆಚೆ ಸರಿಸಿದ.

"ಕಷ್ಟ ಅಂತ ಒಂದು ಮಾತು ಹೇಳಿದ್ರೆ ನನ್ನ ಡಬ್ಬಿನ ನಾನೇ ತಂದು ಕೊಡ್ತಿದ್ದೆ ಕಣೋ."

"ಕೊಡ್ತಿದ್ದೆ. ಕೊಟ್ಟು, ಆಮೇಲೆ ಪ್ರತಿ ಭಾನುವಾರ ನೀನು ನನ್ನನ್ನ ಅಯ್ಯೋ ಪಾಪ ಅಂತ ನೋಡ್ತಿದ್ದೆ. ಅದು ಬೇಡ ಅಂತಾನೇ ಹೇಳ್ಲಿಲ್ಲ."

ಆ ಮಾತಿನಲ್ಲಿ ಸ್ವಲ್ಪ ನಿಜವಿತ್ತು. ಉಜ್ಜನಪ್ಪನಿಗೆ ಅದು ನಾಟಿತು. ಅಲ್ಲಿಗೇ ನಿಂತಿದ್ದರೆ ಅವನು ಬಹುಶಃ ಗೆಳೆಯನ ಪಕ್ಕಕ್ಕೆ ಸರಿದು ಕೂರುತ್ತಿದ್ದ, ಇಬ್ಬರೂ ಒಂದಿಷ್ಟು ಬೈದಾಡಿಕೊಂಡು ತಣ್ಣಗಾಗುತ್ತಿದ್ದರು. ಆದರೆ ತ್ರಿವಿಕ್ರಮ ಎದ್ದು ಕೋಣೆಗೆ ಹೋದ. ಬೀರುವಿನ ಬಾಗಿಲು ಕಿರ್ರೆಂದಿತು. ಹೊರಗೆ ಬಂದು, ಪೇಪರಿನ ಚೂರಿನಲ್ಲಿ ಸುತ್ತಿದ ಒಂದೇ ಒಂದು ಕೇಪನ್ನು ಟೀಪಾಯಿಯ ಮೇಲೆ ಇಟ್ಟ.

"ತಗೊ. ಬೇರೆಯವರಿಗೆ ಕೊಡೋ ರೇಟು ನಿಂಗೆ ಹೇಳೋಕಾಗುತ್ತಾ? ಗಂಗಾಧರಪ್ಪನ ಅಂಗಡಿ ರೇಟೇ ಕೊಡು, ಸಾಕು."

ಉಜ್ಜನಪ್ಪ ಆ ಪೊಟ್ಟಣವನ್ನು ನೋಡಿದ. ತನ್ನದೇ ಪಾಲಿನ ಡಬ್ಬಿಯಿಂದ ತೆಗೆದ ಕೇಪು. ಅದನ್ನು ತ್ರಿವಿಕ್ರಮ ತನಗೇ ಮಾರುತ್ತಿದ್ದ, ಉಪಕಾರವೆಂಬಂತೆ. ತ್ರಿವಿಕ್ರಮನ ಮುಖದಲ್ಲಿ ತಮಾಷೆಯ ಸುಳಿವೇನಾದರೂ ಇದೆಯೇ ಎಂದು ಹುಡುಕಿದ. ಇರಲಿಲ್ಲ. ಅವನು ನಿಜವಾಗಿಯೂ ರಿಯಾಯಿತಿ ಕೊಡುತ್ತಿದ್ದ.

"ಬರ್ತೀನಿ ಶಾಮಲಮ್ಮೋರೆ," ಎಂದು ಅಡುಗೆಮನೆಯ ಕಡೆ ಹೇಳಿ ಉಜ್ಜನಪ್ಪ ಚಪ್ಪಲಿ ಮೆಟ್ಟಿಕೊಂಡ.

"ಕೇಪು ಬಿಟ್ಟು ಹೋಗ್ತಿದೀಯ," ಎಂದ ತ್ರಿವಿಕ್ರಮ ಹಿಂದಿನಿಂದ. "ನಾಳೆ ಠಾಣೇಲಿ ಏನು ಹೇಳ್ತೀಯ? ಕೋವಿ ಹೋಗುತ್ತೆ ಮಾರಾಯ."

ಉಜ್ಜನಪ್ಪ ಬಸ್ ಸ್ಟ್ಯಾಂಡಿನ ಕಡೆ ನಡೆದ.

ಆಲ್ಕೊಳದ ತನ್ನ ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಕೇಪಿಲ್ಲದೆ ಈಡು ತೆಗೆಯಲು ಇನ್ನೊಂದು ದಾರಿ ಇದ್ದೇ ಇತ್ತು, ಅದು ಅವನಿಗೆ ಗೊತ್ತಿಲ್ಲದ್ದೇನಲ್ಲ. ನಳಿಗೆಗೆ ನೀರು ಹೊಯ್ದು ಮದ್ದು ಕೊಲ್ಲುವುದು, ಆಮೇಲೆ ನಾರು, ಚರೆ ಕೆರೆದು ತೆಗೆಯುವುದು. ಆದರೆ ಉಜ್ಜನಪ್ಪನ ಮನೆತನದಲ್ಲಿ ಹಾಗೆ ಮಾಡುವುದು ಹತ್ತಿರದವರು ಯಾರಾದರೂ ಸತ್ತಾಗ ಮಾತ್ರ. ಸಾವಿನ ಮನೆಯಲ್ಲಿ ಕೋವಿ ಸದ್ದು ಮಾಡಬಾರದೆಂದು, ಒಳಗೆ ಉಳಿದ ಈಡನ್ನು ಅಂದು ನೀರಿನಲ್ಲಿ ಮುಳುಗಿಸುತ್ತಿದ್ದರು. ಅಪ್ಪ ಹೋದಾಗ ಅಣ್ಣ ಹೊಯ್ದಿದ್ದ. ಅಣ್ಣ ಹೋದಾಗ ಇವನು ಹೊಯ್ದಿದ್ದ. ಬದುಕಿದವರಿರುವಾಗ ಹಾಗೆ ಮಾಡುವುದನ್ನು ಅಪಶಕುನವೆಂದೇ ತಿಳಿದಿದ್ದರು. ಅದಕ್ಕೇ ಇಷ್ಟು ದಿನ ಒಂದು ಕೇಪಿಗಾಗಿ ಊರೆಲ್ಲ ಅಲೆದಿದ್ದ.

ಕೋವಿಯನ್ನು ಸುತ್ತಿಟ್ಟ ಬಟ್ಟೆಯಿಂದ ಬಿಡಿಸಿ ಬಚ್ಚಲಿಗೆ ತಂದು, ಗೋಡೆಗೆ ಒರಗಿಸದೆ ನೆಟ್ಟಗೆ ಹಿಡಿದುಕೊಂಡು ನಿಂತ. "ಒಂದು ತಂಬಿಗೆ ನೀರು ತಾ," ಎಂದು ಹೆಂಡತಿಯನ್ನು ಕರೆದ.

ಬಸವರಾಜೇಶ್ವರಿ ತಂಬಿಗೆ ಹಿಡಿದು ಬಂದವಳು, ಅವನ ಕೈಯಲ್ಲಿದ್ದುದನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು. ಈ ಮನೆಗೆ ಬಂದ ಮೇಲೆ ಎರಡು ಸಲ ಅವಳು ಈ ನೀರು ತಂದುಕೊಟ್ಟಿದ್ದಳು.

"ಯಾರು ಹೋದ್ರು ರೀ?" ಎಂದಳು. ದನಿ ಆಗಲೇ ಒಡೆದಿತ್ತು.

"ಮೊದಲು ನೀರು ಹಾಕು."

ಅವಳು ಹತ್ತಿರ ಬಂದು ನಳಿಗೆಯ ಬಾಯಿಗೆ ನಿಧಾನವಾಗಿ ನೀರು ಹೊಯ್ಯತೊಡಗಿದಳು. ಸ್ವಲ್ಪ ಒಳಗೆ ಹೋಯಿತು, ಸ್ವಲ್ಪ ಉಜ್ಜನಪ್ಪನ ಕೈಮೇಲೆ ಹರಿಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು, ಇಂಥ ಹೊತ್ತಿನಲ್ಲಿ ಮೊದಲು ಕೇಳಬೇಕಾದದ್ದನ್ನು ಕೇಳಿದಳು.

"ಭದ್ರಾವತಿಗೆ ತಿಳಿಸಿದ್ರಾ? ತ್ರಿವಿಕ್ರಮಣ್ಣಂಗೆ?"

"ಅವನಿಗೆ ಗೊತ್ತು," ಎಂದ ಉಜ್ಜನಪ್ಪ. "ಅಲ್ಲಿಂದಲೇ ಬಂದೆ."

ಕೇಪು ಕೂರಿಸುವ ತೂತಿನಿಂದ ಮೊದಲು ಒಂದು ಹನಿ, ಆಮೇಲೆ ಎಳೆಯಾಗಿ ಕಪ್ಪು ನೀರು ಇಳಿದು ಬಚ್ಚಲ ಕಲ್ಲಿನ ಮೇಲೆ ಹರಡಿತು. ಬಸವರಾಜೇಶ್ವರಿ ಕಾಲು ಹಿಂದಕ್ಕೆ ಸರಿಸಿಕೊಂಡು, ಹಂಡೆಯಿಂದ ಇನ್ನೊಂದು ತಂಬಿಗೆ ತುಂಬಿಕೊಂಡಳು.