ಒಳಗೆ ಕೈಯಿಟ್ಟು ಫೋಟೋ ಹಾಕಿ

ಆ ಸಾಲು ಬರೆದವಳು ನಾನೇ. ಮಗಳ ರಿಪೇರಿ ಅಂಗಡಿಯ ಹೆಸರಲ್ಲಿ, ಮಗಳಿಲ್ಲದ ಹೊತ್ತಿನಲ್ಲಿ, ಒಂದೊಂದೇ ಅಕ್ಷರ ಒತ್ತಿ ಬರೆದೆ.

ಮಗಳು ಕಂಪ್ಯೂಟರ್ ರಿಪೇರಿ ಮಾಡುತ್ತಾಳೆ. ಸ್ಕ್ರೂಗಳನ್ನು ಗಾತ್ರ ನೋಡಿ ಡಬ್ಬಿಗೆ ಹಾಕುವುದು, ಫ್ಯಾನಿನ ಧೂಳು ತೆಗೆಯುವುದು, ಮೆಮೊರಿ ಪಟ್ಟಿಯ ಅಂಚನ್ನು ರಬ್ಬರಿನಿಂದ ಉಜ್ಜುವುದು ನನ್ನ ಪಾಲಿನ ಕೆಲಸ. ಫೋನಿನಲ್ಲಿ ನಮಗೊಂದು ಗುಂಪಿದೆ. ಕಂಪ್ಯೂಟರ್ ಕೆಟ್ಟವರು ಅಲ್ಲಿ ಕೇಳುತ್ತಾರೆ, ಬಲ್ಲವರು ಹೇಳುತ್ತಾರೆ, ಬಾರದವರು ಇನ್ನೂ ಜೋರಾಗಿ ಹೇಳುತ್ತಾರೆ. ಅವರಲ್ಲೊಬ್ಬ ತನಗೆ ತಾನೇ 'ಎಲ್ಲಬಲ್ಲ' ಎಂದು ಹೆಸರಿಟ್ಟುಕೊಂಡಿದ್ದ.

ಅಂದು ಬೆಳಗ್ಗೆ ಯಾರೋ, ಪವರ್ ಸಪ್ಲೈ ಡಬ್ಬದ ಫ್ಯಾನು ಕಿರುಗುಟ್ಟುತ್ತಿದೆ, ಬಿಚ್ಚಿ ಎಣ್ಣೆ ಬಿಡಬಹುದೇ ಎಂದು ಕೇಳಿದ್ದರು. ಗೋಡೆಯ ಕರೆಂಟನ್ನು ತಗ್ಗಿಸಿ ಕಂಪ್ಯೂಟರಿಗೆ ಉಣಿಸುವ ತಗಡಿನ ಡಬ್ಬ ಅದು. ಎಲ್ಲಬಲ್ಲ ಕೂಡಲೇ ಬರೆದ: 'ಪ್ಲಗ್ ಕಿತ್ತ ಮೇಲೆ ಕರೆಂಟ್ ಎಲ್ಲಿಂದ ಬರುತ್ತೆ? ಧೈರ್ಯವಾಗಿ ಬಿಚ್ಚಿ.'

'ಬೇಡ,' ಎಂದು ನಾನು ಬರೆದೆ. 'ಒಳಗಿನ ಕೆಪಾಸಿಟರ್ ಕರೆಂಟನ್ನು ಹಿಡಿದಿಟ್ಟುಕೊಂಡಿರುತ್ತೆ. ಪ್ಲಗ್ ಕಿತ್ತ ಮೇಲೂ ಹೊಡೆಯುತ್ತೆ.'

ಇದು ಯಾರೋ ಹೇಳಿದ್ದನ್ನು ಕೇಳಿ ಬರೆದದ್ದಲ್ಲ. ಹೋದ ವರ್ಷ, ಪ್ಲಗ್ ಕಿತ್ತು ಬದಿಗಿಟ್ಟಿದ್ದ ಡಬ್ಬವೊಂದು ನನ್ನ ಕಣ್ಣೆದುರೇ ಮಗಳನ್ನು ಸ್ಟೂಲಿನಿಂದ ಕೆಡವಿತ್ತು. ಆಗ ಅವಳು ಕೂಗಲೂ ಇಲ್ಲ. ನನಗೆ ಹೆಚ್ಚು ಭಯವಾಗಿದ್ದು ಅದಕ್ಕೇ.

ಎಲ್ಲಬಲ್ಲ ಬರೆದ: 'ಅಜ್ಜಿ ಕಥೆ ಸಾಕು.'

ನಾನು ಅಜ್ಜಿಯೇ. ಅವನಿಗದು ಗೊತ್ತಿರಲಿಲ್ಲ, ಆದರೂ ಚುರುಕ್ ಎಂದಿತು. ಅವನ ಮಾತಿನ ಹಿಂದೆಯೇ ನಗುವ ಮುಖಗಳ ಸಾಲು ಬಂತು. ಊರಿಗೆಲ್ಲ ತಾಳ್ಮೆ ಹೇಳುವವಳು ನಾನು. ಆ ಒಂದು ಗಳಿಗೆ ನನ್ನ ಕೈ ನನ್ನ ಮಾತು ಕೇಳಲಿಲ್ಲ. 'ಅಷ್ಟು ಗೊತ್ತಿದ್ದರೆ ನಿಮ್ಮ ಡಬ್ಬವನ್ನೇ ಬಿಚ್ಚಿ, ಒಳಗೆ ಕೈಯಿಟ್ಟು ಫೋಟೋ ಹಾಕಿ,' ಎಂದು ಬರೆದೇಬಿಟ್ಟೆ.

'ಈಗಲೇ,' ಎಂದ. 'ಬಿಚ್ತಾ ಇದೀನಿ.'

ಆಮೇಲೆ ಅವನ ಸುದ್ದಿಯಿಲ್ಲ.

ಹತ್ತು ನಿಮಿಷ ಗೆದ್ದವಳ ಹಾಗೆ ಕೂತಿದ್ದೆ. ಇಪ್ಪತ್ತಾಯಿತು. ಗುಂಪಿನಲ್ಲಿ ಒಬ್ಬ 'ಎಲ್ಲಬಲ್ಲರು ಎಲ್ಲಿ?' ಎಂದ. ಇನ್ನೊಬ್ಬ 'ಹೊಗೆಯಾಗಿ ಹೋದರು' ಎಂದ. ಮತ್ತೆ ನಗುವ ಮುಖಗಳು. 'ಬೇಡ, ನಿಲ್ಲಿಸಿ, ನಾನು ಹೇಳಿದ್ದು ತಪ್ಪು' ಎಂದು ಬರೆದೆ. ಎಲ್ಲರೂ ಓದಿದರು, ಅವನೊಬ್ಬ ಓದಲಿಲ್ಲ. ಕೈಯಲ್ಲಿದ್ದ ಸ್ಕ್ರೂಗಳನ್ನೆಲ್ಲ ಯಾವ ಯಾವ ಡಬ್ಬಿಗೆ ಹಾಕಿದೆನೋ ತಿಳಿಯದು.

ಮಗಳು ಗಿರಾಕಿಯ ಮನೆಯಿಂದ ಬಂದವಳೇ ಫೋನು ನೋಡಿದಳು.

"ಅಮ್ಮ, ಇದನ್ನ ಯಾರು ಬರೆದಿದ್ದು?"

"ನಾನೇ ಕಣೆ."

"ಎಷ್ಟು ಹೊತ್ತಾಯ್ತು?"

"ಮುಕ್ಕಾಲು ಗಂಟೆ."

ಅವಳು ಬೈಯಲಿಲ್ಲ. ಬೆರಳಿನ ತುದಿಯಲ್ಲಿ ಹೋದ ವರ್ಷದ ಹೊಡೆತ ಉಳಿಸಿದ ಬಿಳೀ ಕಲೆಯನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿದಳು. ಬೈದಿದ್ದರೇ ಚೆನ್ನಾಗಿತ್ತು.

"ಫೋನ್ ಮಾಡಿದ್ಯಾ?"

ಗುಂಪಿನಲ್ಲಿ ಎಲ್ಲರ ನಂಬರೂ ಕಾಣುತ್ತದೆ. ಒಂದು ವರ್ಷದಿಂದ ದಿನಾ ಜಗಳ, ಆದರೆ ಒಬ್ಬರ ದನಿ ಇನ್ನೊಬ್ಬರು ಕೇಳಿಲ್ಲ. ಫೋನೂ ಮಾಡಬಹುದು ಎಂಬುದೇ ನನಗೆ ಹೊಳೆದಿರಲಿಲ್ಲ.

ಅವನ ನಂಬರ್ ಒತ್ತಿದೆ. ಮೊದಲ ಸಲ ರಿಂಗಾಗಿ ರಿಂಗಾಗಿ ನಿಂತಿತು. ಎರಡನೆಯ ಸಲವೂ ಅಷ್ಟೇ. ಮೂರನೆಯ ಸಲ ಹೆಂಗಸೊಬ್ಬಳು ಎತ್ತಿದಳು. ಅವನ ಹೆಂಡತಿ.

"ನಿಮ್ಮ ಯಜಮಾನ್ರು ಎಲ್ಲಿದ್ದಾರಮ್ಮ?" ಎಂದೆ.

"ರೂಮಲ್ಲಿ. ಫೋನ್ ಸತ್ತೋಗಿತ್ತು, ಅಡುಗೆಮನೇಲಿ ಚಾರ್ಜಿಗೆ ಹಾಕಿದ್ದಾರೆ. ಬಾಗಿಲು ಹಾಕ್ಕೊಂಡು ಏನೋ ಬಿಚ್ತಾ ಕೂತಿದ್ದಾರೆ. ಬಿಚ್ಚೋದೊಂದು ಬರುತ್ತೆ ಅವ್ರಿಗೆ, ಜೋಡಿಸೋದು ದೇವರ ಪಾಲು."

"ಒಳಗಿಂದ ಏನಾದ್ರೂ ಸದ್ದು ಬರ್ತಿದ್ಯಾ?"

ಅವಳು ಸ್ವಲ್ಪ ಹೊತ್ತು ಕಿವಿಗೊಟ್ಟಳು. "ಇಲ್ಲ. ಯಾಕೆ?" ದನಿ ಬದಲಾಗಿತ್ತು.

ಮಗಳು ಫೋನು ಕಸಿದುಕೊಂಡು ಸ್ಪೀಕರಿಗೆ ಹಾಕಿದಳು. "ಅಕ್ಕ, ಹೋಗಿ ಬಾಗಿಲು ತಟ್ಟಿ. ಉತ್ತರ ಬರ್ಲಿಲ್ಲ ಅಂದ್ರೆ ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಆಮೇಲೇ ಒಳಗೆ ಹೋಗಬೇಕು."

ಹೆಜ್ಜೆಯ ಸದ್ದು. ಬಾಗಿಲು ತಟ್ಟುವ ಸದ್ದು. "ರೀ." ಮತ್ತೆ ತಟ್ಟಿದಳು. "ರೀ, ಬಾಗಿಲು ತೆಗೀರಿ." ನಾನು ಮೇಜಿನ ಅಂಚು ಹಿಡಿದು ನಿಂತಿದ್ದೆ. ಇನ್ನೂ ಮುಖ ನೋಡಿರದ ಆ ಮನುಷ್ಯ ನೆಲದ ಮೇಲೆ ಬಿದ್ದಿರುವುದು ನನಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು.

"ಏನೇ ನಿಂದು ಗಲಾಟೆ," ಎಂದಿತು ಗಂಡಸಿನ ದನಿ.

ನಾನು ಸ್ಟೂಲಿನ ಮೇಲೆ ಕೂತೆ. ಆದರೆ ಭಯ ಕೂರಲಿಲ್ಲ.

"ಕೈ ಹಾಕಿದ್ರಾ?" ಎಂದು ಕೇಳಿದೆ.

ಫೋನು ಅವನ ಕೈಗೆ ಬಂದಿತ್ತು. ನಾನು ಯಾರೆಂದು ಅವನಿಗೆ ಹೇಳಬೇಕಾಗಲಿಲ್ಲ. "ಮುಚ್ಚಳ ತೆಗೆದಿದ್ದೀನಿ. ಅರ್ಧ ಗಂಟೆಯಿಂದ ನೋಡ್ತಾ ಕೂತಿದ್ದೀನಿ. ಕೈ ಮುಂದೆ ಹೋಗ್ತಿಲ್ಲ." ದನಿ ತಗ್ಗಿತು. "ಹಾಗಂತ ಅಲ್ಲಿ ಹೇಗ್ರೀ ಬರೀಲಿ? ಎಲ್ಲ ಬಾಯಿ ತೆರ್ಕೊಂಡು ಕಾಯ್ತಿದ್ದಾರೆ. ಆಗಿದ್ದಾಗಲಿ, ಹಾಕೇಬಿಡೋಣ ಅಂತಿದ್ದೆ."

"ಹಾಕಬೇಡಿಪ್ಪ. ಮುಚ್ಚಳ ಮುಚ್ಚಿ ನಾಲ್ಕೂ ಸ್ಕ್ರೂ ಹಾಕಿ. ಅಲ್ಲೀವರೆಗೂ ನಾನು ಫೋನ್ ಇಡಲ್ಲ."

ತಗಡಿನ ಸದ್ದು ಕೇಳಿತು. ಒಂದು ಸ್ಕ್ರೂ ತಿರುಗಿತು. ಎರಡನೆಯದೂ ತಿರುಗಿತು. ಆಮೇಲೆ ಟಿಣ್ ಎಂದಿತು.

"ಒಂದು ಸ್ಕ್ರೂ ಸಂದಿಯಲ್ಲಿ ಒಳಗೆ ಬಿತ್ತು," ಎಂದ. "ಕಾಣ್ತಿದೆ. ಮುಚ್ಚಳ ಸ್ವಲ್ಪ ಎತ್ತಿ ಎರಡು ಬೆರಳು ತೂರಿಸಿದ್ರೆ ಸಿಕ್ಕೇ ಬಿಡುತ್ತೆ."

"ಬೇಡ," ಎಂದೆವು ನಾನೂ ಮಗಳೂ ಒಟ್ಟಿಗೆ. ನನ್ನ ದನಿ ನನಗೇ ಅಪರಿಚಿತವಾಗಿತ್ತು. "ಬಿದ್ದಿದ್ದು ಬಿದ್ದಿರಲಿ. ಮೂರರಲ್ಲೇ ಮುಚ್ಚಿ. ಆ ಡಬ್ಬಾನ ಇನ್ನು ಯಾವತ್ತೂ ಪ್ಲಗ್ಗಿಗೆ ಹಾಕಬೇಡಿ, ಒಳಗಿರೋ ಸ್ಕ್ರೂ ತಗುಲಿ ಸುಟ್ಟುಹೋಗುತ್ತೆ. ಬೇರೆ ಡಬ್ಬ ನಾನು ಕಳಿಸ್ತೀನಿ."

ಅವನ ಬೆರಳು ಎಲ್ಲಿದೆಯೋ ಗೊತ್ತಿಲ್ಲ. ಹಿಂದಿನಿಂದ ಹೆಂಡತಿ ಅಂದಳು: "ಕೈ ತೆಗೀರಿ ಅಂದ್ರೆ ತೆಗೀರಿ. ಇರೋದೇ ಎರಡು."

ಮೂರನೆಯ ಸ್ಕ್ರೂ ನಿಧಾನವಾಗಿ ತಿರುಗಿತು. "ಆಯ್ತು," ಎಂದು ಉಸಿರು ಬಿಟ್ಟ. ಆಮೇಲೆ, "ಅಲ್ಲಿ ಏನಂತ ಬರೀಲಿ?" ಎಂದ. ಡಬ್ಬಕ್ಕೆ ಹೆದರಿದಷ್ಟೇ ಅದಕ್ಕೂ ಹೆದರಿದ್ದ.

ನೀವೇ ಗೆದ್ದಿರಿ ಎಂದು ಬರೆದು ಅವನ ಮಾನ ಉಳಿಸಬಹುದಿತ್ತು. ಆದರೆ ಅದನ್ನು ಓದಿ ಇನ್ನೊಬ್ಬ ಬಿಚ್ಚುತ್ತಾನೆ. ನಾನು ಹೇಳಿದೆ, ಮಗಳು ಒತ್ತಿದಳು: 'ಪಂಥ ಕಟ್ಟಿದ್ದು ನನ್ನ ತಪ್ಪು. ಆ ಡಬ್ಬ ಪ್ರಾಣ ತೆಗೆಯುವಂಥದ್ದು. ಮುಟ್ಟಬೇಡಿ ಎಂದು ಫೋನ್ ಮಾಡಿ ಬೇಡಿಕೊಂಡೆ, ಅವರು ನಿಲ್ಲಿಸಿದರು.'

'ಅಂಗಡಿಯವರು ಹೆದರಿದರು,' ಎಂದು ಒಬ್ಬ ಬರೆದ. ಮಗಳ ಬೆರಳು ಉತ್ತರಕ್ಕೆ ಹೋಯಿತು. "ಬಿಡು," ಎಂದೆ, "ಹೆದರಿದ್ದು ನಿಜ ತಾನೇ."

ಅದರ ಕೆಳಗೆ, ಇದುವರೆಗೂ ಬಾಯಿಬಿಡದ ಯಾರೋ ಒಬ್ಬರು ಬರೆದರು: 'ಹಾಗಾದ್ರೆ ನಾನು ಬಿಚ್ಚಿ ನೋಡ್ತೀನಿ.'

"ಬರೀಬೇಡ," ಎಂದೆ ಮಗಳಿಗೆ. "ನಂಬರ್ ಒತ್ತು."