ಶಶಿಪ್ರಭಾಳ ತಿಂಡಿ

ಬೆಳ್ತಂಗಡಿ ಬಸ್‌ಸ್ಟ್ಯಾಂಡಿನ ಹಿಂದೆ, ಮಹಡಿಯ ಮೇಲಿನ ಹಲ್ಲಿನ ಕ್ಲಿನಿಕ್ಕಿನಲ್ಲಿ ಮಂಗಳವಾರ ಡಾಕ್ಟರ್ ತೃಪ್ತಿ ಒಬ್ಬಳೇ. ದೊಡ್ಡ ಡಾಕ್ಟರು ಬಂಟ್ವಾಳದ ಕ್ಲಿನಿಕ್ಕಿಗೆ ಹೋಗುವ ದಿನ ಅದು. ಜೊತೆಗಿರುತ್ತಿದ್ದ ಸಹಾಯಕಿ ಮುರ್ಶಿದಾ ಮದುವೆಗೆಂದು ರಜೆ ಹಾಕಿದ್ದಳು. ಮೂಡುಬಿದಿರೆಯ ಬಾಡಿಗೆ ಕೋಣೆಯಿಂದ ಹೊರಟ ಮೇಲೆ ತೃಪ್ತಿ ಆಡಿದ ಮಾತು ಕಂಡಕ್ಟರನ ಹತ್ತಿರ ಕೇಳಿದ ಒಂದು ಟಿಕೆಟು ಮಾತ್ರ.

ಹಾಗಾಗಿ ಹಲ್ಲು ಕೀಳಿಸಲು ಬಂದ ಟೈಲರ್ ಶಶಿಪ್ರಭಾಳನ್ನು ಕಂಡು ಅವಳಿಗೆ ಖುಷಿಯೇ ಆಯಿತು. ಐವತ್ತು ದಾಟಿದ, ಮದುವೆಯಾಗದ, ಅಂಗಡಿಯ ಮೇಲಿನ ಕೋಣೆಯಲ್ಲೇ ಇರುವ ಹೆಂಗಸು.

“ತಿಂಡಿ ಆಯ್ತಾ ಅಕ್ಕ?”

“ಆಯ್ತು ಡಾಕ್ಟ್ರೇ.”

“ಶುಗರಿನ ಮಾತ್ರೆ?”

“ಅದೂ ಆಯ್ತು.”

ತೃಪ್ತಿ ಕೈಗೆ ಪಟ್ಟಿ ಕಟ್ಟಿ ಬಿ.ಪಿ. ನೋಡಿದಳು. ಪರವಾಗಿಲ್ಲ. ನಾಡಿ ನಿಮಿಷಕ್ಕೆ ನೂರಾನಾಲ್ಕು. ಈ ಕುರ್ಚಿಯಲ್ಲಿ ಕುಳಿತ ಯಾರ ನಾಡಿಯಾದರೂ ಓಡುತ್ತದೆ, ಹೆದರಿಕೆ ಇರಬೇಕು ಎಂದುಕೊಂಡಳು. ಹೋದ ವಾರದ ಶುಗರ್ ರಿಪೋರ್ಟು ಕೈಯಲ್ಲಿತ್ತು. ಇವತ್ತು ಮತ್ತೆ ಬೆರಳು ಚುಚ್ಚಲಿಲ್ಲ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಕಾಯುತ್ತ ನಿಂತಳು.

ಐದು ನಿಮಿಷವಾಗಿರಬೇಕು. ಶಶಿಪ್ರಭಾಳ ಹಣೆಯಲ್ಲಿ ಬೆವರು ಮಣಿಗಟ್ಟಿತು.

“ಕತ್ತರಿ ಎಲ್ಲಿಟ್ಟೆ ನಾನು?” ಎಂದಳು ಅವಳು. “ಬ್ಲೌಸಿನ ತೋಳು ಕತ್ತರಿಸ್ಲಿಕ್ಕೆ ಉಂಟು.”

“ಅಕ್ಕ, ಇದು ಕ್ಲಿನಿಕ್ಕು.”

“ಸಂಜೆಗೆ ಕೊಡ್ಬೇಕು ಮಾರಾಯ್ತಿ.”

ತಲೆ ಸುತ್ತಿರಬೇಕೆಂದು ತೃಪ್ತಿ ಕುರ್ಚಿಯನ್ನು ಹಿಂದಕ್ಕೆ ಬಾಗಿಸಿ ಕಾಲು ಎತ್ತರಿಸಿದಳು. ಮಣಿಕಟ್ಟು ಹಿಡಿದರೆ, ಹೆದರಿ ತಲೆ ಸುತ್ತಿದವರಲ್ಲಿ ನಿಧಾನವಾಗಬೇಕಾದ ನಾಡಿ ನೂರಿಪ್ಪತ್ತರ ಮೇಲೆ ಓಡುತ್ತಿತ್ತು. ಆಗ ಹೊಳೆಯಿತು. ಬೆರಳು ಚುಚ್ಚಿ ನೋಡಿದಳು. ನಲವತ್ತಾರು.

ಸಕ್ಕರೆ ಇಷ್ಟು ಇಳಿದವರು ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕುವಂತಿಲ್ಲ, ಉಸಿರಿನ ದಾರಿಗೆ ಇಳಿದುಬಿಡುತ್ತದೆ. ನುಂಗುವ ಶಕ್ತಿ ಇರುವಾಗಲೇ ಒಳಗೆ ಹೋಗಬೇಕು. ತೃಪ್ತಿ ಕುರ್ಚಿಯನ್ನು ನೇರ ಮಾಡಿದಳು. ನೂರೆಂಟಕ್ಕೆ ಫೋನು ಹಚ್ಚಿ, ವಿಳಾಸ ಹೇಳಿ, ಸ್ಪೀಕರಿನಲ್ಲಿಟ್ಟಳು. ಗ್ಲೂಕೋಸ್ ಪುಡಿ ಕಲಸಿ ಚಮಚ ಹಿಡಿದರೆ ಮರಗಟ್ಟಿದ ತುಟಿಯಿಂದ ಅರ್ಧ ಹೊರಗೇ ಹರಿಯಿತು. ಮರಗಟ್ಟಿಸಿದವಳು ತಾನೇ. ಒಂದು ಕೈಯಿಂದ ಆ ತುಟಿಯನ್ನು ಮುಚ್ಚಿ ಹಿಡಿದಳು.

“ನುಂಗಿ ಅಕ್ಕ. ನನ್ನನ್ನು ನೋಡಿ. ಇನ್ನೊಂದು.”

ಗಂಟಲು ಅಲುಗುವುದನ್ನು ಕಂಡೇ ಮುಂದಿನ ಚಮಚ. ಕೆಳಗೆ ಧರ್ಮಸ್ಥಳದ ಬಸ್ಸಿಗೆ ಜನರನ್ನು ಕರೆಯುತ್ತಿದ್ದರು. ಅಷ್ಟು ಜನರಲ್ಲಿ ಒಬ್ಬರೂ ಇತ್ತ ಮೆಟ್ಟಿಲು ಹತ್ತುವವರಿಲ್ಲ.

ಹದಿನೈದು ನಿಮಿಷ ಕಳೆದು ನೋಡಿದಾಗ ಸಕ್ಕರೆ ಎಂಬತ್ತನಾಲ್ಕು. ಆಂಬ್ಯುಲೆನ್ಸಿನವರು ಬಂದು, ಬಿ.ಪಿ. ನೋಡಿ, ಆಸ್ಪತ್ರೆಗೆ ಹೋಗುವ ಎಂದರು. ಶಶಿಪ್ರಭಾ ಒಪ್ಪಲಿಲ್ಲ. ಊಟ ಮಾಡಿಸಿ, ಒಬ್ಬರನ್ನೇ ಬಿಡಬೇಡಿ ಎಂದು ಹೇಳಿ ಅವರು ಹೋದರು.

“ತಿಂಡಿ ಆಯ್ತು ಅಂದಿರಲ್ಲ ಅಕ್ಕ?”

ಶಶಿಪ್ರಭಾ ತೊದಲುತ್ತ ನಕ್ಕಳು. “ನೀವು ನಿಜವಾಗಿ ಕೇಳಿದ್ದಾ? ಎಲ್ಲರೂ ಹಾಗೇ ಕೇಳುವುದಲ್ವಾ. ಆಗಿಲ್ಲ ಅಂದ್ರೆ ಕೇಳಿದವರಿಗೆ ಬಡಿಸುವ ಕಷ್ಟ. ಒಬ್ಬಳಿಗೆ ಅಂತ ದೋಸೆಗೆ ಕಾವಲಿ ಯಾಕೆ ಇಡುವುದು ಅಂತ ಚಾ ಕುಡಿದು ಮಾತ್ರೆ ನುಂಗಿದೆ.”

ತಾನು ಕೇಳಿದ್ದೂ ನಿಜವಾಗಿ ಅಲ್ಲ ಎಂಬುದು ತೃಪ್ತಿಗೆ ಈಗ ಗೊತ್ತಾಯಿತು. ಏನು ತಿಂದಿರಿ, ಎಷ್ಟು ಗಂಟೆಗೆ ಎಂದು ಕೇಳಬೇಕಿತ್ತು.

ಕೆಳಗಿನ ಹೋಟೆಲಿಗೆ ಫೋನು ಮಾಡಿ ಗಂಜಿ ತರಿಸಿ, ತಣಿಸಿ, ಬಾಯಿ ಸುಡದಂತೆ, ತುಟಿ ಕಚ್ಚಿಕೊಳ್ಳದಂತೆ ಚಮಚದಲ್ಲಿ ಕೊಡತೊಡಗಿದಳು. ಹಲ್ಲು ಕೀಳುವುದು ಇನ್ನೊಂದು ದಿನಕ್ಕೆ.

“ಕರ್ಕೊಂಡು ಹೋಗ್ಲಿಕ್ಕೆ ಯಾರನ್ನು ಕರೆಯುವ?”

“ಬ್ಲೌಸ್ ಆಯ್ತಾ ಅಂತ ಕೇಳುವವರು ತುಂಬ ಮಂದಿ ಇದ್ದಾರೆ,” ಎಂದಳು ಶಶಿಪ್ರಭಾ. ಆಮೇಲೆ ಕಿಟಕಿಯತ್ತ ನೋಡಿದಳು.

ತೃಪ್ತಿ ಚೀಟಿಯ ಮೇಲೆ ತನ್ನ ನಂಬರು ಬರೆದು ಅವಳ ಕೈಗಿಟ್ಟಳು. “ಇವತ್ತು ನಾನೇ ಅಂಗಡಿಯವರೆಗೆ ಬರ್ತೇನೆ. ಮತ್ತೆ ಹೀಗಾದ್ರೆ ಮೊದಲು ಸಕ್ಕರೆ ಬಾಯಿಗೆ ಹಾಕಿ. ಆಮೇಲೆ ನೂರೆಂಟು, ಆಮೇಲೆ ಇದು.”

“ಮೂಡುಬಿದಿರೆಯಿಂದ ಬಂದು ಮುಟ್ಟುವಾಗ ಒಂದು ಗಂಟೆ ಆಗ್ತದೆ ನಿಮಗೆ.”

“ಆಗ್ತದೆ.”

“ಅಷ್ಟು ಹೊತ್ತು ಕಾಯ್ಬೇಕಲ್ಲ ನಾನು.”

“ಕಾಯ್ಬೇಕು,” ಎಂದು ತೃಪ್ತಿ ಇನ್ನೊಂದು ಚಮಚ ತುಂಬಿದಳು. “ಬಾಯಿ ಬಿಡಿ.”